ಹರದೇಶಿ–ನಾಗೇಶಿಯಲ್ಲಿ ಕೂಲಿಯ ಸವಾಲು

ಗೀಗೀ ಪದದ ಧಾಟಿ ಜಾತ್ರೆಗೆ ಸರಿ, ಹೋರಾಟಕ್ಕೆ ಒಗ್ಗುವುದಿಲ್ಲ ಎಂದು ನಮ್ಮ ಸಂಘಟನೆಯ ಹಿರಿಯರೇ ಹೇಳುತ್ತಿದ್ದರು. ಈಗ ಅವರೇ ಕರೆದು ಹುಡುಗರಿಗೆ ಕಲಿಸಿ ಎನ್ನುತ್ತಾರೆ.

ಮೊದಲು ಸಿನಿಮಾ ಧಾಟಿಗೆ ಉದ್ಯೋಗ ಖಾತ್ರಿಯ ಮಾತು ಕೂಡಿಸಿದ್ದೆವು. ಕೀಬೋರ್ಡ್, ಧ್ವನಿವರ್ಧಕ, ಟೆಂಪೊ ಬಾಡಿಗೆ ಎಲ್ಲ ಸೇರಿ ಊರೊಂದಕ್ಕೆ 7–8 ಸಾವಿರ ಹೋಗುತ್ತಿತ್ತು. ಜನ ತಲೆದೂಗಿದರು, ಆದರೆ ಮನೆಗೆ ಹೋಗುವಾಗ ಗುನುಗಿದ್ದು ಸಿನಿಮಾದ ಸಾಲನ್ನೇ. ಆಮೇಲೆ ಘೋಷಣೆಯ ಹಾಡು ಕಟ್ಟಿದೆವು. ಮೆರವಣಿಗೆಯಲ್ಲಿ ಅದಕ್ಕೆ ಕಳೆ ಬರುತ್ತಿತ್ತು; ಕಟ್ಟೆಯ ಮೇಲೆ ಕುಳಿತವರು ಮೂರನೆಯ ನುಡಿಗೇ ಎದ್ದು ಹೋಗುತ್ತಿದ್ದರು. ಹಿಮ್ಮೇಳದವನ ಗಂಟಲು ಕಟ್ಟಿ ಔಷಧದ ಖರ್ಚೂ ನಮ್ಮ ಮೇಲೆಯೇ ಬಿತ್ತು.

ಕೊನೆಗೆ ದಪ್ಪು, ತುಂತುಣಿ, ತಾಳ ಇಷ್ಟನ್ನೇ ಹಿಡಿದು ಹರದೇಶಿ–ನಾಗೇಶಿಗೆ ಇಳಿದೆವು. ಗಂಡಿನ ಪರ ಹರದೇಶಿ, ಹೆಣ್ಣಿನ ಪರ ನಾಗೇಶಿ, ಎದುರುಬದುರು ನಿಂತು ಸವಾಲು–ಜವಾಬು ಹಾಡುವ ಗೀಗೀ ಪದ ಅದು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ಹಳೆಯ ವಾದವನ್ನು ಬದಿಗಿಟ್ಟು ಹರದೇಶಿಯ ಬಾಯಿಗೆ ಸರ್ಕಾರದ ಮಾತು ಕೊಟ್ಟೆ: ವರ್ಷಕ್ಕೆ ಮನೆಗೆ 100 ದಿನ ಕೆಲಸ, 15 ದಿನದೊಳಗೆ ಕೂಲಿ. ಆಗಿನ ಕಾಯ್ದೆಯಲ್ಲಿ ಇದ್ದದ್ದೇ ಅದು. ನಾಗೇಶಿಯ ಕಡೆ ಊರಿನ ಕೂಲಿ ಹೆಣ್ಣುಮಕ್ಕಳನ್ನೇ ನಿಲ್ಲಿಸಿದೆ. ಅವರಲ್ಲಿ ಒಬ್ಬಾಕೆ ಸೆರಗಿನ ಗಂಟಿನಿಂದ ಜಾಬ್ ಕಾರ್ಡ್ ತೆಗೆದು, ಖಾಲಿ ಪುಟ ಬಿಡಿಸಿ ಹರದೇಶಿಯ ಮೂಗಿಗೆ ಹಿಡಿದು, ನೂರು ದಿನ ಎಲ್ಲಿ ಬರೆದಿದೆ ಓದಿ ತೋರಿಸು ಎಂದು ಸವಾಲು ಎತ್ತಿದಳು. ಆ ಸಾಲು ಅವಳದೇ. 'ಗೀಯ ಗೀಯ' ಎಂದು ಇಡೀ ಕಟ್ಟೆ ದನಿಗೂಡಿಸಿತು.

ಮುಂದಿನ ವಾರ ಕೆಲಸ ಕೇಳುವ ಅರ್ಜಿ, ಅಂದರೆ ನಮೂನೆ 6 ಹಿಡಿದು ಪಂಚಾಯಿತಿ ಎದುರು ನಿಂತವರು ಅರವತ್ತಕ್ಕೆ ಕಡಿಮೆ ಇರಲಿಲ್ಲ. ರಸೀದಿ ನಾಳೆ ಕೊಡುತ್ತೇವೆ ಎಂದಾಗ ಬಾಗಿಲಲ್ಲೇ ಅದೇ ಸವಾಲು ಹಾಡಿದರು. ಮಧ್ಯಾಹ್ನದೊಳಗೆ ರಸೀದಿ ಕೈಗೆ ಬಂತು. ಇಂಥದ್ದನ್ನು ಮಾಡಿ ತೋರಿಸಿದ ಮೇಳ ನಮ್ಮ ಸುತ್ತಿನಲ್ಲಿ ಬೇರೊಂದಿಲ್ಲ.

ನಮ್ಮ ಖರ್ಚು ಬಸ್ಸು, ಚಹಾ, ದಪ್ಪಿಗೆ ಹೊಸ ಚರ್ಮ. ಹೆಚ್ಚೆಂದರೆ 1,500 ರೂಪಾಯಿ. ದಪ್ಪನ್ನು ಯಾವ ಸಾಲಿನಲ್ಲಿ ತಟ್ಟನೆ ನಿಲ್ಲಿಸಿದರೆ ಜನ ತಾವಾಗಿಯೇ ಬಾಯಿಬಿಡುತ್ತಾರೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಜೊತೆಗೆ ನಿಂತು ಹಾಡಿದವರಿಗೆ ಹೇಳಿಕೊಡುತ್ತೇನೆ.

ನಡುವೆ ಹಲಗಲಿ ಬೇಡರ ಲಾವಣಿಯ ಧಾಟಿಯನ್ನೂ ಹಚ್ಚಿ ನೋಡಿದೆ. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದವರ ಕಥೆ; ಅದನ್ನು ಸಂಗ್ರಹಿಸಿದವನು ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ. ಮೈ ನವಿರೇಳುತ್ತದೆ, ನಿಜ. ಆದರೆ ವೀರರ ಕಥೆಯನ್ನು ಜನ ಕೈಕಟ್ಟಿ ಕೇಳುತ್ತಾರೆ, ಎದುರು ಹಾಡುವುದಿಲ್ಲ. ಕೂಲಿಯ ಲೆಕ್ಕಕ್ಕೆ ಎದುರು ಹಾಡುವವರು ಬೇಕು.

ಚುನಾವಣೆಯ ಹೊತ್ತಿಗೆ ಒಂದು ಪಕ್ಷದವರು 40 ಸಾವಿರದ ಮಾತಾಡಿದರು. ಹರದೇಶಿ ಮಾತ್ರ ಹಾಡಬೇಕು, ನಾಗೇಶಿ ಬೇಡ ಎಂಬುದು ಅವರ ಷರತ್ತು. ಮೇಳದಲ್ಲಿ ಸಾಲಗಾರರೂ ಇದ್ದಾರೆ, ಮಾತಿಗೆ ಮಾತು ಬೆಳೆಯಿತು. ಒಲ್ಲೆವೆಂದು ಎದ್ದವರು ಹೆಣ್ಣುಮಕ್ಕಳೇ. ಈಗ ಅವರು ಪಡಿತರದ ತೂಕದ ಮೇಲೆ ಹೊಸ ಸವಾಲು ಕಟ್ಟಿದ್ದಾರೆ. ಹರದೇಶಿಯ ಜವಾಬು ನಾನಿನ್ನೂ ಬರೆಯಬೇಕು.