ಹಳದಿ ಬಳಿದರೆ ಫಿಲ್ಮ್ ಆಗದು

ಡಿಜಿಟಲ್ ಫೋಟೋಗಳು ಫಿಲ್ಮಿನಲ್ಲಿ ತೆಗೆದಂತೆ ಕಾಣಲೆಂದು ಮೊದಲ ಆರು ತಿಂಗಳು ನಾನು ಮಾಡಿದ್ದು ಅವಕ್ಕೆ ಹಳದಿ ಬಳಿಯುವ ಕೆಲಸ. ಬಣ್ಣವನ್ನು ಅರ್ಧಕ್ಕೆ ಇಳಿಸುವುದು, ಮೇಲೊಂದು ಕಂದು ಛಾಯೆ, ಮೂಲೆಗಳಿಗೆ ಕಪ್ಪು, ಸಾಲದ್ದಕ್ಕೆ ನಾಲ್ಕು ಗೀರು. ನೋಡಿದವರು ‘ಹಳೆಯ ಫೋಟೋದ ಹಾಗಿದೆ’ ಎನ್ನುತ್ತಿದ್ದರು. ಫಿಲ್ಮಿನಲ್ಲಿ ತೆಗೆದ ಹಾಗಿದೆ ಎಂದು ಒಬ್ಬರೂ ಹೇಳಲಿಲ್ಲ.

ಕಣ್ಣು ತೆರೆಸಿದ್ದು ಮನೆಯ ಆಲ್ಬಂ. ಅದರಲ್ಲಿದ್ದ ಒಂದು ಪ್ರಿಂಟ್ ಪೂರ್ತಿ ಕೆಂಪಗಾಗಿತ್ತು. ಅದರ ನೆಗೆಟಿವ್ ಲಕೋಟೆಯೊಂದರಲ್ಲಿ ಸಿಕ್ಕಿತು. ಸ್ಕ್ಯಾನ್ ಮಾಡಿದರೆ ಹಸಿರು, ನೀಲಿ ಎಲ್ಲವೂ ಇನ್ನೂ ಇದ್ದವು. ಪ್ರಿಂಟಿನಲ್ಲಿರುವ ಮೂರು ವರ್ಣದ್ರವ್ಯಗಳು ಒಂದೇ ವೇಗದಲ್ಲಿ ಮಾಸುವುದಿಲ್ಲ. ಸಯಾನ್ (ಹಸಿರುನೀಲಿ) ಮೊದಲು ಸೋತರೆ ಚಿತ್ರ ಕೆಂಪಿಗೆ ತಿರುಗುತ್ತದೆ. ಅದು ಕಾಗದಕ್ಕೆ ಬಂದ ಮುಪ್ಪು. ಫಿಲ್ಮಿನ ಗುಣ ಬೇರೆ. ಎರಡನ್ನೂ ನಾನು ಒಂದೇ ಡಬ್ಬಿಗೆ ತುಂಬಿದ್ದೆ.

ಆಮೇಲೆ ಬಣ್ಣ ಬಿಟ್ಟು ಬೆಳಕಿನ ಕಡೆ ನೋಡತೊಡಗಿದೆ. ಬೆಳಕು ಹೆಚ್ಚಿದಂತೆ ಫಿಲ್ಮ್ ಎಷ್ಟು ಗಾಢವಾಗುತ್ತದೆ ಎಂಬುದನ್ನು ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬ ಇಬ್ಬರು ಸಂಶೋಧಕರು 1890ರಲ್ಲೇ ವಕ್ರರೇಖೆಯಾಗಿ ತೋರಿಸಿದ್ದರು. ಆ ರೇಖೆ ನೆರಳಿನಲ್ಲಿ ನಿಧಾನವಾಗಿ ಏಳುತ್ತದೆ, ತೀರಾ ಬೆಳಕಿರುವಲ್ಲಿ ಮೆಲ್ಲನೆ ಬಾಗುತ್ತದೆ. ಡಿಜಿಟಲ್ ಸೆನ್ಸರ್‌ಗೆ ಆ ಬಾಗು ಗೊತ್ತಿಲ್ಲ. ನೇರ ಏರಿ ಛಾವಣಿಗೆ ತಲೆ ಬಡಿದುಕೊಳ್ಳುತ್ತದೆ.

ಕಿಟಕಿಯ ಪಕ್ಕ ಕುಳಿತ ಅಜ್ಜಿಯ ಚಿತ್ರವೊಂದರಲ್ಲಿ ಇದು ನನಗೆ ಚೆನ್ನಾಗಿ ತಿಳಿಯಿತು. ಹಿಂದಿನ ಬಿಳಿ ಪರದೆಯ ಮಡಿಕೆಗಳು ಮಾಯವಾಗಿ, ಕಾಗದ ಕತ್ತರಿಸಿ ಅಂಟಿಸಿದಂತೆ ಕಾಣುತ್ತಿತ್ತು. ಕಳೆದುಹೋದ ಬಿಳಿಯನ್ನು ಯಾವ ತಂತ್ರಾಂಶವೂ ತಂದುಕೊಡದು. ಮರುದಿನ ಅದೇ ಹೊತ್ತಿಗೆ ಅಜ್ಜಿಯನ್ನು ಮತ್ತೆ ಕೂರಿಸಿದೆ (ಗೊಣಗಿಕೊಂಡೇ ಕುಳಿತರು). ಒಂದು ಸ್ಟಾಪ್ ಕಡಿಮೆ ಬೆಳಕಿನಲ್ಲಿ, ಅಂದರೆ ಅರ್ಧ ಬೆಳಕಿನಲ್ಲಿ, ಸೆನ್ಸರ್ ಕಂಡದ್ದನ್ನು ಹಾಗೆಯೇ ಉಳಿಸುವ ರಾ ಫೈಲಿನಲ್ಲಿ ತೆಗೆದೆ. ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ಬೆಳಕಿನ ರೇಖೆಯನ್ನು ಬಾಗಿಸುವ ಕರ್ವ್ಸ್ ತೆರೆದು ನಡುಭಾಗವನ್ನು ಮೇಲೆತ್ತಿ, ಬಿಳಿಯ ತುದಿಯನ್ನು 255ರಿಂದ 246ಕ್ಕೆ ಇಳಿಸಿ (ಅಲ್ಲಿ ಕಪ್ಪು 0, ಬಿಳಿ 255), ಅಲ್ಲಿಗೆ ಹೋಗುವ ದಾರಿಯನ್ನು ಬಾಗಿಸಿದೆ. ಮಡಿಕೆಗಳು ಒಂದೊಂದಾಗಿ ಕಂಡವು. ಕಪ್ಪಿನ ತುದಿಯನ್ನು ಎತ್ತಿದ್ದು ಬರೀ 8ರಷ್ಟು. ನೀಲಿ ಚಾನೆಲ್‌ನಲ್ಲಿ ಕೆಳಗೆ ತುಸು ಏರಿಸಿ ಮೇಲೆ ತುಸು ತಗ್ಗಿಸಿದಾಗ ನೆರಳಿಗೆ ತಂಪು, ಬೆಳಕಿಗೆ ಬಿಸುಪು ಬಂತು. ಬಣ್ಣಕ್ಕೆ ನಾನು ಮಾಡಿದ್ದು ಅಷ್ಟೇ.

ಕೊಡಾಕ್ರೋಮ್ ಫಿಲ್ಮಿನ ಹೆಸರಿಟ್ಟ ಪ್ರಿಸೆಟ್‌ಗಳಲ್ಲಿ (ಒಂದೇ ಒತ್ತಿಗೆ ಹಚ್ಚುವ ಸಿದ್ಧ ಹೊಂದಿಕೆಗಳಲ್ಲಿ) ಕಪ್ಪನ್ನು ಬೂದುಬಣ್ಣವಾಗಿಸಿರುವುದನ್ನು ಕಂಡಾಗ ನನಗೆ ಈಗ ನಗು ಬರುತ್ತದೆ. 1935ರಿಂದ 2009ರವರೆಗೆ ತಯಾರಾದ ಆ ಫಿಲ್ಮ್ ಸ್ಲೈಡ್‌ನದು, ಅಂದರೆ ಪರದೆಯ ಮೇಲೆ ಬೆಳಕು ಹಾಯಿಸಿ ನೋಡುವಂಥದ್ದು. ಗಟ್ಟಿ ಕಪ್ಪೇ ಅದರ ಹೆಮ್ಮೆ.

ಗ್ರೇನ್, ಅಂದರೆ ಫಿಲ್ಮ್ ಚಿತ್ರದಲ್ಲಿ ಕಾಣುವ ಸಣ್ಣ ಕಾಳುಗಳ ವಿಷಯದಲ್ಲಿ ಹೆಚ್ಚು ಪೆಟ್ಟು ತಿಂದೆ. ಚಿತ್ರದ ಮೇಲೆ ನೇರವಾಗಿ ನಾಯ್ಸ್ (ಅಡ್ಡಾದಿಡ್ಡಿ ಚುಕ್ಕೆಗಳು) ಸುರಿದರೆ ಮರಳು ಎರಚಿದಂತಾಗುತ್ತದೆ. ಕಡುಗಪ್ಪಿನಲ್ಲೂ ಅಚ್ಚ ಬಿಳಿಯಲ್ಲೂ ಅಷ್ಟೇ ಮರಳು. ಪ್ರಿಂಟ್ ಮಾಡಿದ ಫಿಲ್ಮ್ ಚಿತ್ರದಲ್ಲಿ ಕಾಳು ಎದ್ದು ಕಾಣುವುದು ನಡುಛಾಯೆಗಳಲ್ಲಿ: ಕೆನ್ನೆಯಲ್ಲಿ, ಗೋಡೆಯಲ್ಲಿ, ಮೋಡದ ಬೂದುಬಣ್ಣದಲ್ಲಿ. ಈಗ ಮೇಲೊಂದು ಹೊಸ ಲೇಯರ್ ಇಟ್ಟು ಅದಕ್ಕೆ ನಡುಬೂದು, ಅಂದರೆ 128, ತುಂಬುತ್ತೇನೆ. ಅದಕ್ಕೆ ಆರ್‌ಜಿಬಿ ನಾಯ್ಸ್ ಹಾಕುವಾಗ ಮೂರು ಬಣ್ಣ ಬೇರೆಬೇರೆಯಾಗಿ ಚದುರುವ ಆಯ್ಕೆಯನ್ನು ತೆಗೆದುಬಿಡುತ್ತೇನೆ, ಇಲ್ಲದಿದ್ದರೆ ಬಣ್ಣಬಣ್ಣದ ಚುಕ್ಕೆ ಏಳುತ್ತವೆ. ಮೇಲೆ ಅರ್ಧ ಪಿಕ್ಸೆಲ್‌ನಷ್ಟು ಗಾಸಿಯನ್ ಬ್ಲರ್ ಎಂಬ ಮಬ್ಬು ಕೊಟ್ಟರೆ ಕಾಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಲೇಯರ್ ಕೆಳಗಿನ ಚಿತ್ರದೊಂದಿಗೆ ಬೆರೆಯುವ ಬಗೆ, ಅಂದರೆ ಮೋಡ್, ಓವರ್‌ಲೇ. ಈ ಮೋಡ್ ಶುದ್ಧ ಕಪ್ಪನ್ನೂ ಶುದ್ಧ ಬಿಳಿಯನ್ನೂ ಮುಟ್ಟುವುದಿಲ್ಲ, ಹಾಗಾಗಿ ಕಾಳು ತಾನಾಗಿ ನಡುಛಾಯೆಯಲ್ಲಿ ನೆಲೆಸುತ್ತದೆ. ಅಜ್ಜಿಯ ಕೆನ್ನೆಯ ಸುಕ್ಕುಗಳ ನಡುವೆ ಅದು ಕುಳಿತದ್ದನ್ನು ನೋಡಿ ಆ ಸಂಜೆ ಬೇರೆ ಕೆಲಸ ಮಾಡಲಾಗಲಿಲ್ಲ.

ದೀಪಗಳ ಸುತ್ತ ಕೆಂಪು ಪ್ರಭೆ ಬೇಕೆನಿಸಿದರೆ ತೀರಾ ಪ್ರಕಾಶವಾದ ಭಾಗವನ್ನಷ್ಟೇ ನಕಲಿಸಿ, ಮಬ್ಬಾಗಿಸಿ, ಕಿತ್ತಳೆಗೆಂಪು ಕೊಟ್ಟು, ಸ್ಕ್ರೀನ್ ಮೋಡ್‌ನಲ್ಲಿ ತೆಳುವಾಗಿ ಹರಡುತ್ತೇನೆ. ಬಣ್ಣದ ಫಿಲ್ಮಿನಲ್ಲಿ ಕೆಂಪು ಹಿಡಿಯುವ ಪದರ ತಳದಲ್ಲಿರುವುದರಿಂದ, ತಳದಿಂದ ಮರಳಿ ಪುಟಿದ ಬೆಳಕು ಅದಕ್ಕೇ ಮೊದಲು ತಾಗುತ್ತದೆ. ಹಗಲಿನ ಚಿತ್ರಗಳಿಗೆ ನಾನಿದನ್ನು ಬಳಸುವುದೇ ಇಲ್ಲ.

ಒಮ್ಮೆ ಇಷ್ಟೆಲ್ಲ ಮಾಡಿ ಚಿತ್ರವನ್ನು ಮೊಬೈಲಿಗೆಂದು ಚಿಕ್ಕದಾಗಿಸಿದೆ. ಕಾಳು ಪೂರ್ತಿ ಅಳಿಸಿಹೋಯಿತು. ಅಂದಿನಿಂದ ಮೊದಲು ಗಾತ್ರ, ಆಮೇಲೆ ಗ್ರೇನ್. ಒಂದೇ ಚಿತ್ರ ಎರಡು ಗಾತ್ರಗಳಲ್ಲಿ ಬೇಕಾದರೆ ಬೂದು ಲೇಯರನ್ನು ಎರಡು ಸಲ ಹೊಸದಾಗಿ ಮಾಡುತ್ತೇನೆ, ಜೆಪೆಗ್ ಗುಣಮಟ್ಟವನ್ನು 90ಕ್ಕಿಂತ ಕೆಳಗಿಳಿಸುವುದಿಲ್ಲ.