ಪಿಕಪ್ ಕೊಳ್ಳುತ್ತೀರಾ? ಮೊದಲು ನಿಮ್ಮ ಸರಕಿನ ತೂಕ ಹಾಕಿ

ಶಹಾಬಾದ್ ಕಲ್ಲಿನಿಂದಲೇ ಶುರು ಮಾಡೋಣ. ನೆಲಕ್ಕೆ ಹಾಸುವ, ಒಂದು ಇಂಚು ದಪ್ಪದ ಈ ಪರಸಿ ಕಲ್ಲು ಚದರ ಅಡಿಗೆ ಹೆಚ್ಚುಕಡಿಮೆ 6 ಕಿಲೋ ತೂಗುತ್ತದೆ. ಒಂದು ದೊಡ್ಡ ಪಡಸಾಲೆಗೆ 250 ಚದರ ಅಡಿ ಬೇಕು ಅಂದುಕೊಳ್ಳಿ, ಅಲ್ಲಿಗೆ 1,500 ಕಿಲೋ ಆಯ್ತು. ಪಿಕಪ್ ಬಾಡಿ 9 ಅಡಿ ಉದ್ದ, ಐದೂವರೆ ಅಡಿ ಅಗಲ ಇದ್ದರೆ ಅಷ್ಟೂ ಕಲ್ಲು ಹಾಸಿದಾಗ ಏರುವುದು ಬರೀ ಐದು ಇಂಚು. ನೋಡಿದವರ ಕಣ್ಣಿಗೆ ಗಾಡಿ ಖಾಲಿ! ‘ಇನ್ನಷ್ಟು ಹಾಕ್ರಿ, ಜಾಗ ಅದ’ ಅಂತಾರೆ. ಅದೇ ಬಾಡಿಯಲ್ಲಿ ಬಿಡಿ ಹತ್ತಿಯನ್ನು ಕ್ಯಾಬಿನ್‌ಗಿಂತ ಎತ್ತರ ತುಂಬಿ ಹಗ್ಗ ಬಿಗಿದರೂ ತೂಕ ಇದರ ಹತ್ತಿರ ಬರುವುದಿಲ್ಲ.

ನಮ್ಮ ಕಾಕಾ ಚಿತ್ತಾಪುರ ಕಡೆಯವರು. ಪಿಕಪ್ ಕೊಳ್ಳುವಾಗ ಅವರು ಕೇಳಿದ್ದು ಒಂದೇ ಮಾತು, ‘ಎಷ್ಟು ಹೊರ್ತದ?’ ಮಾರುವ ಹುಡುಗ ‘ಎರಡು ಟನ್ ಆರಾಮ ಹೋಗ್ತದ ಕಾಕಾ’ ಅಂದ. ಇವರು ನಂಬಿದರು. ಮೊದಲ ಬೇಸಿಗೆಯಲ್ಲೇ, ಮಧ್ಯಾಹ್ನ ಎರಡು ಗಂಟೆ ಬಿಸಿಲಲ್ಲಿ, ಕಲ್ಲು ಹೇರಿಕೊಂಡು ಕಲಬುರಗಿಗೆ ಬರುವಾಗ ಹಿಂದಿನ ಟೈರ್ ಒಡೆಯಿತು. ನಿಧಾನ ಇದ್ದರು, ಯಾರಿಗೂ ಏನೂ ಆಗಲಿಲ್ಲ. ಅವತ್ತು ರಾತ್ರಿ ನಾವೆಲ್ಲ ಕೂತು ಆ ಗಾಡಿಯ ಆರ್‌ಸಿಯನ್ನು ಮೊದಲ ಸಲ ಪೂರ್ತಿ ಓದಿದೆವು. ಕೊಳ್ಳುವ ಮೊದಲೇ ಓದಬೇಕಿತ್ತು. ನೀವು ಹಾಗೆ ಮಾಡಬೇಡಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಶೋರೂಮಿಗೆ ಹೋಗಬೇಡಿ. ಮನೆಯಲ್ಲಿ ಕೂತು, ವರ್ಷದಲ್ಲಿ ನೀವು ಹೇರುವ ಅತಿ ಭಾರದ ಸರಕು ಯಾವುದು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಸಿಮೆಂಟ್ ಚೀಲ 50 ಕಿಲೋ. ಶಹಾಪುರ, ಸುರಪುರ ಕಡೆಯ ಭತ್ತದ ಚೀಲ 75 ಕಿಲೋ ಲೆಕ್ಕ. ತೊಗರಿಯದು ನೀವು ಯಾವ ಚೀಲಕ್ಕೆ ತುಂಬುತ್ತೀರೋ ಅದರ ಮೇಲೆ ಹೋಗುತ್ತದೆ, ಹಾಗಾಗಿ ಎಪಿಎಂಸಿಗೆ ಹೋದಾಗ ತೂಕದ ಚೀಟಿ ಇಟ್ಟುಕೊಳ್ಳಿ. ನೀರಂತೂ ಸುಲಭ, ಲೀಟರಿಗೆ ಒಂದು ಕಿಲೋ. ಸಾವಿರ ಲೀಟರಿನ ಟ್ಯಾಂಕ್ ತುಂಬಿಸಿದರೆ ಒಂದು ಟನ್, ಟ್ಯಾಂಕಿನ ತೂಕ ಬೇರೆ. ಮೋಸ ಮಾಡುವುದು ಮರಳು. ಒಂದು ಬ್ರಾಸ್ ಅಂದರೆ 100 ಘನ ಅಡಿ, ಒಣಗಿದ್ದರೂ ಸುಮಾರು ನಾಲ್ಕೂವರೆ ಟನ್, ಹಸಿ ಇದ್ದರೆ ಇನ್ನೂ ಜಾಸ್ತಿ. ಅರ್ಧ ಬ್ರಾಸ್ ಕೂಡ ಸಣ್ಣ ಪಿಕಪ್ ಹೊರುವ ಮಾತಲ್ಲ.

ಈಗ ಗಾಡಿಯ ಕಡೆ ಬನ್ನಿ. ನಿಮಗೆ ಬೇಕಾದದ್ದು ಎರಡೇ ಅಂಕಿ. ಒಂದು ಜಿವಿಡಬ್ಲ್ಯೂ, ಅಂದರೆ ಗಾಡಿ, ಸರಕು, ಜನ, ಡೀಸೆಲ್ ಎಲ್ಲ ಸೇರಿ ರಸ್ತೆಯ ಮೇಲೆ ಇರಬಹುದಾದ ಗರಿಷ್ಠ ತೂಕ. ಇನ್ನೊಂದು ಖಾಲಿ ಗಾಡಿಯ ತೂಕ, ಆರ್‌ಸಿಯಲ್ಲಿ ಅನ್‌ಲೇಡನ್ ವೇಟ್ ಅಂತ ಇರುತ್ತದೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. ಉಳಿದದ್ದೇ ಪೇಲೋಡ್.

ಆದರೆ ಅದು ಪೂರ್ತಿ ಸರಕಿನದು ಅಲ್ಲ. ಇಲ್ಲೇ ಬಹಳ ಜನ ತಪ್ಪುತ್ತಾರೆ. ಕಾಯ್ದೆ ಪ್ರಕಾರ ಖಾಲಿ ತೂಕದಲ್ಲಿ ಡ್ರೈವರ್ ಮತ್ತು ಸಹಾಯಕನ ತೂಕ ಸೇರಿರುವುದಿಲ್ಲ. ಒಂದು ಲೆಕ್ಕ ಮಾಡಿ ನೋಡೋಣ. ಜಿವಿಡಬ್ಲ್ಯೂ 2,990, ಖಾಲಿ ತೂಕ 1,680 ಅಂತ ಹಿಡಿಯಿರಿ. ಉಳಿಯಿತು 1,310. ಡ್ರೈವರ್, ಇಬ್ಬರು ಹಮಾಲರು ತಲಾ 65 ಕಿಲೋ ಅಂದರೂ 195 ಹೋಯ್ತು. ಗಾಡಿ ಬಂದ ಮೇಲೆ ನೀವು ಹಾಕಿಸುವ ಕಬ್ಬಿಣದ ಜಾಲರಿ, ಮೇಲಿನ ಕ್ಯಾರಿಯರ್, ತಾಡಪಾಲು, ಹಗ್ಗ ಎಲ್ಲ ಸೇರಿ 120. ಕೈಗೆ ಸಿಕ್ಕದ್ದು 995 ಕಿಲೋ. ಅಂದರೆ ಸಿಮೆಂಟ್ 19 ಚೀಲ, ಭತ್ತ ಆದರೆ 13. ‘ಒಂದು ಟನ್ ಮುನ್ನೂರು ಕಿಲೋ’ ಅಂತ ಕೇಳಿ ಮನೆಗೆ ತಂದ ಗಾಡಿ ಒಂದು ಟನ್ ಕೂಡ ಪೂರ್ತಿ ಹೊರಲಿಲ್ಲ, ಅಲ್ವಾ?

ಹಳೆಯ ಗಾಡಿ ಕೊಳ್ಳುವುದಾದರೆ ಕಾಗದ ನೋಡಿ ಸುಮ್ನೆ ಬಿಡಬೇಡಿ. ಡೀಸೆಲ್ ಟ್ಯಾಂಕ್ ತುಂಬಿಸಿ ನೇರ ಕಾಟಾಕ್ಕೆ ಒಯ್ಯಿರಿ. ವೇಬ್ರಿಡ್ಜ್‌ನಲ್ಲಿ ಒಮ್ಮೆ ತೂಗಿಸಲು ಆಗುವ ಖರ್ಚು ಗಾಡಿಯ ಬೆಲೆಯ ಮುಂದೆ ಏನೂ ಅಲ್ಲ. ಹಿಂದಿನ ಮಾಲೀಕರು ದಪ್ಪ ತಗಡು ಬಡಿಸಿದ್ದರೆ ಖಾಲಿ ತೂಕವೇ ಏರಿರುತ್ತದೆ, ಅಷ್ಟು ಸರಕು ನಿಮಗೆ ಕಡಿಮೆ ಆದಂತೆ.

ಹಿಂದಿನ ಪಾಟಾಕ್ಕೆ, ಅಂದರೆ ಲೀಫ್ ಸ್ಪ್ರಿಂಗಿಗೆ, ಎರಡು ಎಲೆ ಜಾಸ್ತಿ ಹಾಕಿಸಿದರೆ ಆಯ್ತು ಅನ್ನುವ ಮಾತು ನಮ್ಮ ಕಡೆ ಎಲ್ಲ ಗ್ಯಾರೇಜಿನಲ್ಲೂ ಸಿಗುತ್ತದೆ. ದಯವಿಟ್ಟು ನಂಬಬೇಡಿ. ಪಾಟಾ ಗಟ್ಟಿ ಮಾಡಿದರೆ ಗಾಡಿ ಕೆಳಗೆ ಕೂರುವುದು ನಿಲ್ಲುತ್ತದೆ, ಅಷ್ಟೇ. ಆಕ್ಸಲ್ ಅದೇ, ಬ್ರೇಕ್ ಅದೇ, ಚಾಸಿ ಅದೇ, ಆರ್‌ಸಿಯಲ್ಲಿರುವ ಅಂಕಿಯೂ ಅದೇ. ಮೊದಲು ಕೆಳಗೆ ಕೂತಾದರೂ ‘ಭಾರ ಆಯ್ತು’ ಅಂತ ಗಾಡಿ ಹೇಳುತ್ತಿತ್ತು, ಈಗ ಅದನ್ನೂ ಹೇಳುವುದಿಲ್ಲ.

ಟೈರಿನ ಪಕ್ಕದಲ್ಲಿ ಅಳತೆಯ ನಂತರ ಒಂದು ಅಂಕಿ ಇರುತ್ತದೆ, ಅದು ಲೋಡ್ ಇಂಡೆಕ್ಸ್. 100 ಅಂತ ಇದ್ದರೆ ಆ ಟೈರ್ 800 ಕಿಲೋ ಹೊರಬಲ್ಲದು, 104 ಆದರೆ 900, 112 ಆದರೆ 1,120. ಅದೂ ಸರಿಯಾದ ಗಾಳಿ ಇದ್ದಾಗ. ಗಾಳಿ ಕಡಿಮೆ, ಭಾರ ಜಾಸ್ತಿ, ಮೇಲೆ ನಮ್ಮ ಮೇ ತಿಂಗಳ ಡಾಂಬರು ರಸ್ತೆ, ಈ ಮೂರೂ ಕೂಡಿದರೆ ಟೈರ್ ಒಳಗಿಂದಲೇ ಬೇಯುತ್ತದೆ. ಕಾಕಾನ ಗಾಡಿಗೆ ಆದದ್ದು ಇದೇ. ಟೈರ್ ಬದಲಿಸುವಾಗ ಅಗ್ಗ ಅಂತ ಕಡಿಮೆ ಅಂಕಿಯದನ್ನು ಹಾಕಿಸಬೇಡಿ.

ಭಾರ ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ. ಎಲ್ಲ ಹಿಂದಿನ ತುದಿಗೆ ಹೋದರೆ ಮುಂಭಾಗ ಎದ್ದು ಸ್ಟೇರಿಂಗ್ ಹಗುರ ಆಗುತ್ತದೆ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಭಾರದ್ದು ಕೆಳಗೆ, ಹಿಂದಿನ ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಇರಲಿ.

ಇನ್ನು ಎಳೆಯುವ ಮಾತು. ಹೊರುವುದು ಬೇರೆ, ಎಳೆಯುವುದು ಬೇರೆ. ಗಾಡಿಯ ಹಿಂದಿರುವ ಹುಕ್, ಕೆಟ್ಟು ನಿಂತ ಗಾಡಿಯನ್ನು ಎಳೆಯಲಿಕ್ಕೆ ಇರುವುದು, ಅದು ಟ್ರೇಲರ್ ಕೊಂಡಿ ಅಲ್ಲ. ಅಮೆರಿಕದ ಪಿಕಪ್ ವಿಡಿಯೋಗಳಲ್ಲಿ ಮೂರು ಟನ್ ದೋಣಿ ಎಳೆಯುವುದನ್ನು ನೋಡಿರುತ್ತೀರಿ. ಅಲ್ಲಿನ ಕಂಪನಿಗಳು ಎಳೆಯುವ ಮಿತಿಯನ್ನೂ, ಗಾಡಿ ಮತ್ತು ಟ್ರೇಲರ್ ಎರಡರ ಒಟ್ಟು ತೂಕದ ಮಿತಿಯನ್ನೂ ಬೇರೆ ಬೇರೆ ಬರೆದು ಕೊಟ್ಟಿರುತ್ತವೆ. ನೀವು ಕೊಳ್ಳುವ ಗಾಡಿಯ ಮ್ಯಾನುಯಲ್‌ನಲ್ಲಿ ಅಂಥ ಅಂಕಿ ಇದೆಯಾ ನೋಡಿ. ಇಲ್ಲದಿದ್ದರೆ ಎಳೆಯುವ ಗಾಡಿ ಅಲ್ಲ ಅಂತಲೇ ತಿಳಿಯಿರಿ.

ಇದ್ದರೂ ಒಂದು ಲೆಕ್ಕ ನೆನಪಿರಲಿ. ಟ್ರೇಲರ್ ತೂಕದ ಒಂದು ಪಾಲು ಕೊಂಡಿಯ ಮೇಲೆ ಕೂರುತ್ತದೆ, ಅಮೆರಿಕದಲ್ಲಿ ಅದನ್ನು ನೂರಕ್ಕೆ 10ರಿಂದ 15 ಅಂತ ಹಿಡಿಯುತ್ತಾರೆ. 800 ಕಿಲೋ ಟ್ರೇಲರ್ ಆದರೆ 80ರಿಂದ 120 ಕಿಲೋ. ಅಷ್ಟನ್ನೂ ಪೇಲೋಡ್‌ನಿಂದಲೇ ಕಳೆಯಬೇಕು. ಟ್ರೇಲರ್‌ನಲ್ಲಿ ಭಾರ ಹಿಂದಕ್ಕೆ ಸರಿದು ಕೊಂಡಿ ಹಗುರವಾದರೆ ವೇಗದಲ್ಲಿ ಅದು ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಮುಂದಿನ ಗಾಡಿಯನ್ನೂ ಎಳೆದಾಡುತ್ತದೆ. ಟ್ರೇಲರ್‌ಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಎಲ್ಲ ಭಾರವನ್ನೂ ನಿಲ್ಲಿಸುವ ಕೆಲಸ ಪಿಕಪ್ ಬ್ರೇಕಿನದೇ. ಹುಮನಾಬಾದ್ ದಾರಿಯ ಇಳಿಜಾರಿನಲ್ಲಿ ಹೀಗೆ ಇಳಿಯುವ ಧೈರ್ಯ ನನಗಂತೂ ಇಲ್ಲ. ಹೊಲದ ಟ್ಯಾಂಕರ್, ಕಾಂಕ್ರೀಟ್ ಮಿಕ್ಸರ್ ಎಳೆಯುವುದೇ ನಿಮ್ಮ ಮುಖ್ಯ ಕೆಲಸ ಆಗಿದ್ದರೆ ಟ್ರ್ಯಾಕ್ಟರ್ ಬಾಡಿಗೆಗೆ ತನ್ನಿ.

ಕಾಗದಪತ್ರದ್ದು ಚಿಕ್ಕ ಮಾತು. ಜಿವಿಡಬ್ಲ್ಯೂ 3,000 ಕಿಲೋ ದಾಟದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. 7,500 ಕಿಲೋವರೆಗಿನ ಗಾಡಿಯನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್‌ನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಮಿತಿ ಮೀರಿ ಹೇರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂನಲ್ಲಿ, 2019ರ ತಿದ್ದುಪಡಿಯ ನಂತರ, 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್‌ಗೆ ಮತ್ತೆ 2,000. ಜಾಸ್ತಿ ಸರಕು ಇಳಿಸುವ ಖರ್ಚೂ ನಿಮ್ಮದೇ.

ಇಷ್ಟಾದ ಮೇಲೆ ಶೋರೂಮಿಗೆ ಹೋಗಿ. ನಿಮ್ಮ ಹಾಳೆಯಲ್ಲಿರುವ ಅತಿ ಭಾರದ ಸರಕು, ಜನರ ತೂಕ, ಹಾಕಿಸುವ ಸಾಮಾನು ಕೂಡಿಸಿ, ಅದರ ಮೇಲೆ ಒಂದಿನ್ನೂರು ಕಿಲೋ ಉಳಿಯುವ ಗಾಡಿಯನ್ನೇ ಕೇಳಿ. ಒಂದೇ ಹೆಸರಿನ ಗಾಡಿಯಲ್ಲೂ 1.3 ಟನ್, 1.7 ಟನ್ ಅಂತ ಬೇರೆ ಬೇರೆ ಮಾದರಿ ಇರುತ್ತವೆ. ಯಾವ ಮಾದರಿ, ಅದರ ಜಿವಿಡಬ್ಲ್ಯೂ ಎಷ್ಟು, ಖಾಲಿ ತೂಕ ಎಷ್ಟು ಅನ್ನುವುದನ್ನು ಕೊಟೇಶನ್ ಮೇಲೆಯೇ ಬರೆಸಿಕೊಳ್ಳಿ. ಬರೆದು ಕೊಡಲು ಹಿಂದೆಮುಂದೆ ನೋಡಿದರೆ ಅಡ್ವಾನ್ಸ್ ಕೊಡಬೇಡಿ, ಪಕ್ಕದ ಶೋರೂಮಿಗೆ ಹೋಗಿ ಕೇಳಿ.