ಮಳೆಗಾಲದಲ್ಲಿ ಮಲಗಿದ ಕಂಪ್ಯೂಟರ್ ಎಬ್ಬಿಸೋದು

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ 2009ರಲ್ಲಿ ತಂದ ಕಂಪ್ಯೂಟರ್ ಇನ್ನೂ ಇದೆ. ಅಡಿಕೆ ಲೆಕ್ಕ, ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದಲ್ಲಿ ಆಗೊಂದು ಈಗೊಂದು ಅರ್ಜಿ, ಅಷ್ಟೇ ಅದರ ಕೆಲಸ. ಆಷಾಢದಲ್ಲಿ ಹಗ್ಗದ ಮೇಲಿನ ಬಟ್ಟೆಯೇ ವಾರಗಟ್ಟಲೆ ಒಣಗಲ್ಲ. ಇದಕ್ಕೂ ಥಂಡಿ ಹಿಡಿಯುತ್ತದೆ. ಅಮ್ಮ ‘ಬಚ್ಚಲ ಒಲೆ ಪಕ್ಕ ಇಡೋ’ ಅಂತಾಳೆ. ಹಾಗೆ ಮಾತ್ರ ಮಾಡಬೇಡಿ, ಹೊಗೆ, ಬೂದಿ ಎಲ್ಲ ಒಳಗೆ ಸೇರುತ್ತದೆ.

ಬಟನ್ ಒತ್ತಿದಾಗ ಫ್ಯಾನ್ ತಿರುಗುತ್ತದಾ, ಮೊದಲು ಅದನ್ನು ನೋಡಿ. ತಿರುಗದಿದ್ದರೆ ಹಿಂದಿರುವ ಸಣ್ಣ ಸ್ವಿಚ್ ಆನ್ ಇದೆಯಾ? ನಾನೊಮ್ಮೆ ಒಂದು ಗಂಟೆ ಒದ್ದಾಡಿದ್ದೆ, ಕಸ ಗುಡಿಸುವಾಗ ಪೊರಕೆ ತಾಗಿ ಅದು ಆಫ್ ಆಗಿತ್ತು. ಮಾನಿಟರಿನ ಪವರ್ ಕೇಬಲ್ಲೂ ಸಾಮಾನ್ಯವಾಗಿ ಇದಕ್ಕೆ ಆಗುತ್ತದೆ, ಹಾಕಿ ನೋಡಿ. ಆಗಲೂ ಸತ್ತಂತಿದ್ದರೆ ಎಸ್‌ಎಂಪಿಎಸ್ ಮೇಲೆ ಅನುಮಾನ, ಅದು ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ. ಆ ಡಬ್ಬಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಶಾಕ್ ಹೊಡೆಯುವಷ್ಟು ಕರೆಂಟ್ ಒಳಗೆ ಉಳಿದಿರಬಹುದು.

ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಬೀಪ್ ಬೀಪ್ ಅಂತ ಬೇರೆ ಕೂಗುತ್ತದೆ. ನಮ್ಮ ಕಡೆ ಜಾಸ್ತಿ ಆಗುವುದು ಇದೇ. ಪೇಟೆಯ ಅಂಗಡಿಯವರು ‘ಮದರ್‌ಬೋರ್ಡ್ ಹೋಗಿದೆ’, ಅಂದರೆ ಒಳಗಿನ ಮುಖ್ಯ ಬೋರ್ಡೇ ಕೆಟ್ಟಿದೆ ಅಂದಿದ್ದರು. ಸರಿ ಮಾಡಿದ್ದು ಮಗಳ ಪೆನ್ಸಿಲ್ ರಬ್ಬರ್!

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಪಕ್ಕದ ಬಾಗಿಲು ತೆಗೆದು, ಕಂಪ್ಯೂಟರಿನ ಹೊರ ಡಬ್ಬಿಯ ಕಬ್ಬಿಣ ಒಮ್ಮೆ ಮುಟ್ಟಿ. ಬೋರ್ಡಿಗೆ ಸಿಕ್ಕಿಸಿದ ಉದ್ದನೆ ಪಟ್ಟಿಯೇ ರ್‍ಯಾಮ್, ಕಂಪ್ಯೂಟರಿನ ತಾತ್ಕಾಲಿಕ ನೆನಪು. ರ್‍ಯಾಮ್‌ನ ಎರಡೂ ತುದಿಯ ಕ್ಲಿಪ್ ಬಿಡಿಸಿದರೆ ಅದು ಮೇಲೆ ಬರುತ್ತದೆ. ಕೆಳಗಿನ ಅಂಚಲ್ಲಿ ಚಿನ್ನದ ಬಣ್ಣದ ಹಲ್ಲುಗಳ ಸಾಲಿದೆ ನೋಡಿ, ಥಂಡಿಗೆ ಮಂಕಾಗಿರುತ್ತದೆ. ಬೆರಳು ತಾಗಿಸದೆ ಬಿಳಿ ರಬ್ಬರಿನಿಂದ ಎರಡೂ ಕಡೆ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ. ವಾಪಸ್ ಕೂರಿಸುವಾಗ ಕ್ಲಿಪ್ ‘ಟಕ್’ ಅನ್ನಬೇಕು. ಎರಡು ರ್‍ಯಾಮ್ ಇದ್ದರೆ ಒಂದೊಂದೇ ಹಾಕಿ ನೋಡಿ.

ಪರದೆ ಬಂದು ತಾರೀಖು ಹಿಂದೆ ಓಡಿದ್ದರೆ, ಎಫ್1 ಒತ್ತು ಅಂತ ಕೇಳಿದರೆ, ಬೋರ್ಡಿನ ಮೇಲಿನ ಬಟನ್ ಸೆಲ್ ಮುಗಿದಿದೆ. ಸಿಆರ್2032 ಅಂತ ಕೇಳಿ, 3 ವೋಲ್ಟಿನದು.

ಬೂಟ್ ಡಿವೈಸ್ ಇಲ್ಲ, ಅಂದರೆ ಶುರುವಾಗಲು ಬೇಕಾದ ಡಿಸ್ಕ್ ಸಿಗುತ್ತಿಲ್ಲ ಅಂತ ಪರದೆ ಮೇಲೆ ಬಂದರೆ ಹೆದರಬೇಡಿ, ಮೊದಲು ಪೆನ್‌ಡ್ರೈವ್ ಕೀಳಿ. ಆಮೇಲೆ ಆಫ್ ಮಾಡಿ ಹಾರ್ಡ್‌ಡಿಸ್ಕಿನ ಕೇಬಲ್ ಎರಡೂ ತುದಿ ತೆಗೆದು ಹಾಕಿ. ಡಿಸ್ಕ್ ಒಳಗಿಂದ ಟಿಕ್ ಟಿಕ್ ಸದ್ದು ಬಂದರೆ ಮಾತ್ರ ಸುಮ್ನೆ ಮತ್ತೆ ಮತ್ತೆ ಆನ್ ಮಾಡಬೇಡಿ. ಲೆಕ್ಕ, ಫೋಟೋ ಬೇಕಿದ್ದರೆ ಡಿಸ್ಕನ್ನು ಕಂಪ್ಯೂಟರಿನಿಂದ ಇಡಿಯಾಗಿ ಕಳಚಿ, ಡೇಟಾ ತೆಗೆಯುವವರ ಹತ್ತಿರ ಒಯ್ಯಿರಿ.